ಇಟಲಿಯವರು ಬರುವ ತನಕ

ಪೇಪರನ್ನು ನಾನು ಕುರ್ಚಿಯ ಮೇಲೆ ಕೂತು ಓದುವವಳಲ್ಲ. ನೆಲದ ಮೇಲೆ ಹಾಸಿ, ಅದರ ಮೇಲೆ ಅವರೆಕಾಯಿ ಸುರುವಿಕೊಂಡು, ಸುಲಿಯುತ್ತ ಸುಲಿಯುತ್ತ ಸಿಪ್ಪೆ ಸರಿದ ಕಡೆ ಕಂಡಷ್ಟನ್ನು ಓದುತ್ತೇನೆ. ಹೀಗೆ ಓದಿದರೆ ಲೋಕದ ಸುದ್ದಿಯೆಲ್ಲ ಅರ್ಧರ್ಧ ತಿಳಿಯುತ್ತದೆ, ನನಗೆ ಅಷ್ಟು ಸಾಕು. ಇವತ್ತು ಬೆಳಿಗ್ಗೆಯೂ ಹಾಗೇ ಕೂತಿದ್ದೆ. ಸೊಗಡಿನ ಕಾಯಿ, ಕೈಗೆಲ್ಲ ಅದರದೇ ವಾಸನೆ. ಒಂದು ಹಿಡಿ ಸಿಪ್ಪೆ ಪಕ್ಕಕ್ಕೆ ತಳ್ಳಿದೆ ನೋಡಿ, ಅಡಿಯಿಂದ ಒಬ್ಬ ಮುದುಕ ಇಣುಕಿದ. ಕೆನ್ನೆ ಒಳಕ್ಕೆ ಹೋಗಿದೆ, ಕಣ್ಣಿನ ಕೆಳಗೆ ಚೀಲ, ಪಿಂಚಣಿ ಯಾಕೆ ಬಂದಿಲ್ಲ ಅಂತ ಖಜಾನೆ ಮುಂದೆ ನಿಂತವರ ಮುಖ. ಪಕ್ಕದಲ್ಲಿ ನಾಲ್ಕೈದು ಸಾಲು. ಇಟಲಿಯ ಭಯಾನಕ ಚಿತ್ರಗಳ ಹಿರಿಯ ನಿರ್ದೇಶಕರು ಬಹಳ ವರ್ಷ ಸುಮ್ಮನಿದ್ದು ಈಗ ಮತ್ತೆ ಸಿನಿಮಾಕ್ಕೆ ಮರಳುತ್ತಿದ್ದಾರಂತೆ, ಅಭಿಮಾನಿಗಳು ಕಾತರದಿಂದ ಕಾಯುತ್ತಿದ್ದಾರಂತೆ.

ಹೆಸರಿದ್ದ ಜಾಗದಲ್ಲಿ ಒದ್ದೆ ಕಾಯಿ ಕೂತು ಅಕ್ಷರ ಕಲಸಿಹೋಗಿತ್ತು. ಹೋಗಲಿ ಬಿಡಿ, ಹೆಸರು ನಮಗೆ ಆಗಲೂ ಗೊತ್ತಿರಲಿಲ್ಲ. ನಾವು ಕಾದವನು ಇವನೋ, ಇವನ ಅಣ್ಣನೋ, ಇವನ ಎದುರು ಮನೆಯವನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೂ ನಗು ತಡೆಯಲಾಗಲಿಲ್ಲ. ಕಾತರದಿಂದ ಕಾಯುವುದಂತೆ! ಕಾಯುವುದು ಅಂದರೇನು ಅಂತ ಆ ಅಭಿಮಾನಿಗಳಿಗೇನು ಗೊತ್ತು? ಅವರು ಕಾಯುವಾಗ ಅವರ ಮನೆಯಲ್ಲಿ ಗಂಡಸರು ಮಾತಾಡುತ್ತಾರೋ ಇಲ್ಲವೋ ನೀವೇ ಹೇಳಿ. ನಮ್ಮ ಮನೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ, ಇಟಲಿಯ ಈ ಮನುಷ್ಯ ಇನ್ನೊಂದು ಪಿಕ್ಚರ್ ತೆಗೆದುಕೊಂಡು ಬರುವ ತನಕ, ಹೆತ್ತ ಅಪ್ಪ ಸ್ವಂತ ಮಗಳ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ನೀವು ನಂಬುವುದಿಲ್ಲ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಸುಲಿಯುವ ಕಾಯಿ ಇನ್ನೂ ಬುಟ್ಟಿ ತುಂಬ ಇದೆ.

ನಮ್ಮ ಮನೆಯವರ ಹೆಸರು ಬಸವರಾಜಪ್ಪ. ಹೊನ್ನಾಳಿಯಲ್ಲಿ ಹಾಗೆಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಮೈಕ್ ಬಸಣ್ಣ ಅನ್ನಬೇಕಿತ್ತು. ಎಪ್ಪತ್ತರ ದಶಕದ ಮಾತು. ರುದ್ರಪ್ಪ ಅಂತ ಒಬ್ಬರದು ಟೂರಿಂಗ್ ಟಾಕೀಸ್ ಇತ್ತು. ಟೆಂಟಿನ ಲೈಸೆನ್ಸು ಒಂದೂರಿಗೆ ಕೆಲವೇ ತಿಂಗಳು. ಅದು ಮುಗಿದ ಕೂಡಲೇ ಬಿದಿರು, ಡೇರೆ, ಮಿಷನ್ನು ಎಲ್ಲವನ್ನೂ ಲಾರಿಗೆ ಹೇರಿ ಹೊನ್ನಾಳಿಯಿಂದ ನ್ಯಾಮತಿಗೆ, ಅಲ್ಲಿಂದ ಚನ್ನಗಿರಿಗೆ, ಒಮ್ಮೊಮ್ಮೆ ದೂರದ ಜಗಳೂರಿಗೂ ಹೋಗುತ್ತಿದ್ದರು. ನಾನು ಜಗಳೂರಿನವಳು. ಮದುವೆಗೆ ಮುಂಚೆ ನಾನು ಇವರ ಮುಖ ನೋಡಿದವಳಲ್ಲ, ದನಿ ಮಾತ್ರ ಕೇಳಿದ್ದೆ. ಜಟಕಾ ಗಾಡಿಗೆ ಮೈಕಿನ ಹಾರನ್ ಕಟ್ಟಿಕೊಂಡು "ಇಂದೇ ನೋಡಿ, ತಪ್ಪದೇ ನೋಡಿ, ಮನೆ ಮಂದಿಯೆಲ್ಲ ಕೂತು ನೋಡಿ" ಅಂತ ನಮ್ಮ ಬೀದಿಯಲ್ಲಿ ಹೋಗುವಾಗ ನಾನು ಒಲೆ ಮೇಲಿನ ಹಾಲು ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ, ಅಷ್ಟರಲ್ಲಿ ಗಾಡಿ ತಿರುವಿನಾಚೆ ಹೋಗಿರುತ್ತಿತ್ತು. ಸಂಬಂಧ ಬಂದಾಗ ದನಿ ಕೇಳಿಯೇ ಒಪ್ಪಿಕೊಂಡೆ. ಮುಖವನ್ನು ಆಮೇಲೆ ನೋಡಿ, ಇರಲಿ ಬಿಡು ಅಂದುಕೊಂಡೆ.

ಇಂಗ್ಲಿಷ್ ಪಿಕ್ಚರ್ ಬಂದಾಗಲೇ ಇವರ ನಿಜವಾದ ಕೆಲಸ. ನಮ್ಮ ಕಡೆ ಇಂಗ್ಲಿಷ್ ಪಿಕ್ಚರ್ ಅಂದರೆ ಬಿಳಿ ಜನ ಓಡಾಡುವ ಯಾವ ಪಿಕ್ಚರಾದರೂ ಸರಿ. ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಮೈಕ್ ಹಿಡಿದು, ಅಲ್ಲೇನಾಗುತ್ತಿದೆ ಅಂತ ಇವರು ಕನ್ನಡದಲ್ಲಿ ಹೇಳಬೇಕು. ಪಕ್ಕದಲ್ಲೊಂದು ತಿರುಪು, ಅದನ್ನು ತಿರುವಿದರೆ ಪಿಕ್ಚರಿನ ಸದ್ದು ತಗ್ಗಿ ಇವರ ಮಾತು ಎದ್ದು ಕೇಳುತ್ತಿತ್ತು. ಟೆಂಟಿನಲ್ಲಿ ಹಗಲು ಹೊತ್ತು ಪಿಕ್ಚರ್ ಕಾಣುವುದಿಲ್ಲವಲ್ಲ, ಹಾಗಾಗಿ ಮೊದಲೇ ನೋಡಿಟ್ಟುಕೊಳ್ಳುವ ಭಾಗ್ಯ ಇವರಿಗಿರಲಿಲ್ಲ. ಜನ ನೋಡಿದಾಗಲೇ ಇವರೂ ನೋಡುವುದು, ನೋಡುತ್ತಲೇ ಹೇಳುವುದು. ಇಂಗ್ಲಿಷಂತೂ ಇವರಿಗೆ ಬರುತ್ತಿರಲಿಲ್ಲ. ಮೊದಲ ಆಟದಲ್ಲಿ ನಾಯಕನ ತಂಗಿಯಾಗಿದ್ದವಳು ಎರಡನೇ ಆಟದ ಹೊತ್ತಿಗೆ ಹೆಂಡತಿಯಾಗಿರುತ್ತಿದ್ದಳು. ಎರಡೂ ಆಟ ನೋಡಿದವರು ಮರುದಿನ ಚಾ ಅಂಗಡಿಯಲ್ಲಿ ಕೈ ಕೈ ಮಿಲಾಯಿಸುತ್ತಿದ್ದರು. ಪಿಕ್ಚರಿನವರಿಗೆಲ್ಲ ಇವರೇ ಹೆಸರಿಡುತ್ತಿದ್ದರು. ಹುಡುಗಿ ಯಾರೇ ಇರಲಿ, ಸರೋಜ.

ಆಟಕ್ಕೆ ಹೊರಡುವ ಮುಂಚೆ ದಿನಾ ಬಚ್ಚಲಲ್ಲಿ ನಿಂತು ಬಿಸಿ ಉಪ್ಪುನೀರು ಬಾಯಿಗೆ ಹಾಕಿಕೊಂಡು ಗಂಟಲು ತೊಳೆಯುತ್ತಿದ್ದರು. ಗಳಗಳ ಅಂತ ಆ ಸದ್ದು ಬೀದಿ ಕೊನೆಯ ತನಕ ಕೇಳುತ್ತಿತ್ತು. ಅದನ್ನು ಕೇಳಿಯೇ ಅಕ್ಕಪಕ್ಕದವರು ದೀಪ ಹಚ್ಚುತ್ತಿದ್ದರು. ನನಗೆ ಹೊಸದರಲ್ಲಿ ಅಸಹ್ಯ ಅನ್ನಿಸುತ್ತಿತ್ತು, ಆಮೇಲೆ ಅದಿಲ್ಲದೆ ಸಂಜೆಯಾದಂತೆಯೇ ಅನ್ನಿಸುತ್ತಿರಲಿಲ್ಲ.

ಇಟಲಿಯವನ ಪಿಕ್ಚರ್ ಹೊನ್ನಾಳಿಗೆ ಬಂದಾಗ ನಾನು ಬಸುರಿ. ಮೊದಲ ಮಗು ಹುಟ್ಟುವ ಮುಂಚೆಯೇ ಹೋಗಿತ್ತು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ, ನನ್ನನ್ನೂ ಸೇರಿಸಿ, ಗಾಳಿ ಬೀಸಿದರೂ ಭಯ. ಆದರೂ ಪಿಕ್ಚರಿಗೆ ಹೋದೆ. ಇವರ ದನಿ ಕೇಳುವ ಚಪಲ. ಅತ್ತೆ ಗಂಗಮ್ಮನವರು ಕಾವಲಿಗೆ ಜೊತೆಗೆ ಬಂದರು. ಹಗ್ಗದ ಈಚೆ ಹೆಂಗಸರ ಕಡೆ ಕೂತೆವು.

ಕಥೆ ಇಷ್ಟೇ. ಸರೋಜ ಒಂದು ಬಂಗಲೆಗೆ ಕಾಯಿಲೆಯ ಮುದುಕಿಯನ್ನು ನೋಡಿಕೊಳ್ಳಲು ಬರುತ್ತಾಳೆ. ಮುದುಕಿ ಸತ್ತು ಹೋಗಿಯೂ ಓಡಾಡುತ್ತಿರುತ್ತಾಳೆ. ಶುರುವಿನಲ್ಲಿ ಎಲ್ಲ ಸರಿಯಾಗಿತ್ತು. ಆಮೇಲೆ ಇವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಸರೋಜಳ ತುಟಿ ನಿಂತ ಮೇಲೂ ಅವಳ ಮಾತು ಬರುತ್ತಿತ್ತು. ತುಟಿ ಆಡುವಾಗ ಮಾತೇ ಇರುತ್ತಿರಲಿಲ್ಲ. ಇಟಲಿ ಭಾಷೆಯ ಪಿಕ್ಚರಿಗೆ ಆಮೇಲೆ ಯಾರೋ ಇಂಗ್ಲಿಷ್ ಮಾತು ಅಂಟಿಸಿದ್ದರು ಅಂತ ಈಗ ನಮಗೆ ಗೊತ್ತು, ಮಗಳು ಹೇಳಿದಳು. ಆಗ ಯಾರಿಗೆ ಗೊತ್ತಿತ್ತು? ಇವರು ಒಂದು ಗಳಿಗೆ ಗಲಿಬಿಲಿಗೊಂಡು, ಥಟ್ಟನೆ ಹೊಳೆದವರಂತೆ ಮೈಕಿನಲ್ಲಿ ಕೂಗಿದರು.

"ನೋಡ್ರಪ್ಪೋ ನೋಡ್ರಿ! ಬಾಯಿ ಮುಚ್ಚೈತೆ, ಮಾತು ಬರ್ತೈತೆ! ಇದು ಸರೋಜ ಆಡೋ ಮಾತಲ್ಲ. ಒಳಗೆ ಕುಂತೈತಲ್ಲ, ಅದು ಆಡಿಸ್ತೈತೆ!"

ಟೆಂಟು ಗಪ್‌ಚಿಪ್. ಎಲ್ಲರೂ ಆ ತುಟಿಗಳನ್ನೇ ನೋಡತೊಡಗಿದರು. ಹೌದು, ಸುಳ್ಳಲ್ಲ! ಆಮೇಲೆ ಡಾಕ್ಟರು ಬಂದ. ಅವನ ಬಾಯಿಗೂ ಮಾತಿಗೂ ತಾಳೆಯಿಲ್ಲ. "ಡಾಕ್ಟರಿಗೂ ಮೆಟ್ಕಂಡೈತೆ!" ಪೊಲೀಸಿನವನು ಬಂದ. ಅವನಿಗೂ. ಪಾದ್ರಿ ಬಂದು ಶಿಲುಬೆ ಹಿಡಿದ, ಅವನೂ ಹೋದ. ಕೊನೆಗೆ ಬಂಗಲೆಯ ನಾಯಿ ಬಾಯಿ ಮುಚ್ಚಿಕೊಂಡ ಮೇಲೆ ಬೊಗಳಿದ್ದು ಕೇಳಿ ಬೆಂಚಿನ ಮೇಲಿದ್ದ ಗಂಡಸರು ಕಾಲು ಮೇಲೆತ್ತಿಕೊಂಡರು. ಆ ಇಟಲಿಯವನು ಬರೀ ಒಂದು ಮುದುಕಿ ದೆವ್ವ ತೋರಿಸಿದ್ದ. ನಮ್ಮ ಮನೆಯವರು ಇಡೀ ಊರಿಗೇ ದೆವ್ವ ಹಿಡಿಸಿದರು.

ಇಷ್ಟಾದರೂ ಏನೂ ತೊಂದರೆಯಿರಲಿಲ್ಲ, ಕೊನೆ ಸರಿಯಾಗಿದ್ದಿದ್ದರೆ. ನಮ್ಮ ಜನಕ್ಕೆ ದೆವ್ವದ ಪಿಕ್ಚರಿನ ಪದ್ಧತಿ ಗೊತ್ತು. ಮಂತ್ರವಾದಿ ಬರಬೇಕು, ನಿಂಬೆಹಣ್ಣು ಉರುಳಬೇಕು, ದೆವ್ವ ಕಿರುಚಿ ಓಡಬೇಕು, ಮನೆಯವರೆಲ್ಲ ಸಾಲಾಗಿ ನಿಂತು ನಗಬೇಕು, ಶುಭಂ ಬರಬೇಕು. ಇಲ್ಲಿ ಸರೋಜ ಕನ್ನಡಿ ಮುಂದೆ ನಿಂತು ನಕ್ಕಳು. ನಕ್ಕರೆ ಬಾಯೊಳಗೆ ಮುದುಕಿಯ ಕರಿ ಹಲ್ಲು! ಅಲ್ಲಿಗೆ ಪರದೆ ಬೆಳ್ಳಗಾಯಿತು.

"ಬಸಣ್ಣ, ಇನ್ನೊಂದು ರೀಲ್ ಹಾಕಿಸ್ರೀ!" ಅಂತ ಹಿಂದಿನಿಂದ ಕೂಗಿದರು.

"ಇಲ್ರಪ್ಪ, ಮುಗೀತು."

"ಮುಗೀತು ಅಂದ್ರೆ? ದೆವ್ವ ಎಲ್ಲೋಯ್ತು?"

ಇವರು ಮೈಕಿನಲ್ಲಿ ಒಂದು ಸಲ ಕೆಮ್ಮಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಇವರು ಮೈಕಿನ ಮುಂದೆ ಸುಮ್ಮನೆ ನಿಂತದ್ದನ್ನು ನೋಡಿದೆ. ಜನ ಗೊಣಗುತ್ತ, ಹಿಂದೆ ಹಿಂದೆ ನೋಡಿಕೊಳ್ಳುತ್ತ ಮನೆಗೆ ಹೋದರು.

ಮರುದಿನದಿಂದ ಟೆಂಟಿಗೆ ಒಬ್ಬ ಹೆಂಗಸೂ ಬರಲಿಲ್ಲ. ಜಟಕಾ ಗಾಡಿ ಬೀದಿಗೆ ಬಂದರೆ ತಾಯಂದಿರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾಕೆ ಅಂತ ನಮ್ಮ ಅತ್ತೆಯೇ ಬಿಡಿಸಿ ಹೇಳಿದರು. ಅವರ ತರ್ಕದಲ್ಲಿ ಒಂದು ಕೂದಲಷ್ಟೂ ಸಂದು ಇರುತ್ತಿರಲಿಲ್ಲ.

"ಲೇ ಬಸ್ಯಾ, ಆ ದೆವ್ವ ಇಲ್ಲಿಗೆ ಬಂದದ್ದು ಖರೆ ತಾನೆ? ಬಂದದ್ದನ್ನ ಯಾರೂ ಕಳಿಸ್ಲಿಲ್ಲ. ಹಂಗಾದ್ರೆ ಅದು ಇಲ್ಲೇ ಐತೆ. ಪರದೆ ಮ್ಯಾಲೆ ಇರಾಕೆ ಆಗಲ್ಲ, ಅದನ್ನ ಸುತ್ತಿ ಇಟ್ಟಿದ್ದೀರಿ. ಅದು ಕನ್ನಡದಾಗೆ ಮಾತಾಡಿದ್ದು ಯಾರ ಬಾಯಿಂದ?"

ಇವರು ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡರು.

"ನಿನ್ನ ಬಾಯಿಂದ. ಅದಕ್ಕೆ ಗೊತ್ತಿರೋ ಜಾಗ ಇಲ್ಲಿ ಇದೊಂದೇ."

"ಅವ್ವಾ, ಅದು ಆಟ ಕಣವ್ವ, ನಾಟಕ ಇದ್ದಂಗೆ."

"ನಾಟಕದಾಗೂ ಕೊನೀಗೆ ಮಂಗಳ ಹಾಡ್ತಾರೆ. ನಿಮ್ಮ ಇಟಲಿಯವ್ನು ಹಂಗೇ ಬಿಟ್ಟು ಎದ್ದೋದ. ಅವನೇ ಬಂದು ಕಳಿಸ್ಬೇಕು. ಅದರ ಬಾಯಿಂದಾನೇ 'ಹೋಗ್ತೀನಿ' ಅನ್ನಿಸ್ಬೇಕು. ಹೋಗಿ ಬರ್ತೀನಿ ಅಲ್ಲ, ಹೋಗ್ತೀನಿ. ಅಲ್ಲೀವರೆಗೂ ಹುಟ್ಟೋ ಕೂಸಿನ ಕಿವಿಗೆ ನಿನ್ನ ದನಿ ಬೀಳಬಾರ್ದು."

ನಾನು ಜಗಳೂರಿನ ಹೈಸ್ಕೂಲು ಮುಗಿಸಿದವಳು, ಸಾಕಷ್ಟು ವಾಚಾಳಿ, ಅತ್ತೆಯ ಮಾತಿಗೆ ಎದುರು ಮಾತು ಹುಡುಕುವುದರಲ್ಲಿ ಹೆಸರಾದವಳು. ಅವತ್ತು ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನಿದ್ದೆ. ನನಗೂ ಭಯವಾಗಿತ್ತು. ಇವರು ನನ್ನ ಮುಖ ನೋಡಿದರು, ನಾನು ತಲೆ ತಗ್ಗಿಸಿದೆ. ಅಲ್ಲಿಗೆ ಆ ಮಾತು ತೀರ್ಮಾನವಾಯಿತು.

ಇವರು ಜನಕ್ಕೆ ಸಮಾಧಾನ ಹೇಳಬೇಕಿತ್ತಲ್ಲ, ಕೊನೆಯ ಸಲ ಮೈಕ್ ಹಿಡಿದು ಸಂತೆಯಲ್ಲಿ ಹೇಳಿಬಿಟ್ಟರು: "ಹೆದರಬ್ಯಾಡ್ರಿ! ಡೈರೆಕ್ಟರು ಮುಂದಿನ ಪಿಕ್ಚರ್ ತರ್ತಾರೆ, ಅದರಾಗೆ ದೆವ್ವ ಬಿಡಿಸ್ತಾರೆ!" ಹೇಳಿದ್ದೇನೋ ಆಯಿತು. ಮುಂದಿನ ವಾರ ರುದ್ರಪ್ಪನವರು ಪಿಕ್ಚರ್ ತರಲು ಹುಬ್ಬಳ್ಳಿಗೆ ಹೋಗಿ ಬಂದವರು ಕಟ್ಟೆ ಮೇಲೆ ಕೂತು ಟೋಪಿ ತೆಗೆದರು.

"ಬಸಣ್ಣ, ವಿಚಾರಿಸ್ದೆ ಕಣಪ್ಪ. ಆ ಇಟಲಿಯವ್ನು ಸಿನಿಮಾನೇ ಬಿಟ್ಟವ್ನಂತೆ. ಬ್ಯಾಸರಾಗಿ ಮನೇಲಿ ಕುಂತವ್ನಂತೆ."

ಇವರ ಮುಖ ಒಣಗಿಹೋಯಿತು. ಎಲ್ಲೋ ಸಮುದ್ರದಾಚೆ ಯಾವನೋ ಒಬ್ಬನಿಗೆ ಬೇಸರವಾದರೆ ಹೊನ್ನಾಳಿಯಲ್ಲಿ ಒಬ್ಬ ಬಡಪಾಯಿ ಮೂಗನಾಗಬೇಕೇ, ನೀವೇ ಹೇಳಿ.

ಆಮೇಲೆ ಶುರುವಾಯಿತು ನೋಡಿ ನಮ್ಮೂರ ಕಾಯುವಿಕೆ. ಅವನು ಯಾಕೆ ಸಿನಿಮಾ ಬಿಟ್ಟ ಅನ್ನುವುದಕ್ಕೆ ಒಂದೊಂದು ಚಾ ಅಂಗಡಿಯಲ್ಲಿ ಒಂದೊಂದು ಕಾರಣ. ಹೆಂಡತಿ ಬಿಟ್ಟು ಹೋದಳಂತೆ ಅಂದರು ಒಬ್ಬರು. ಅವನ ದೆವ್ವ ಅವನನ್ನೇ ಹಿಡಿದಿದೆ ಅಂದರು ಇನ್ನೊಬ್ಬರು. ಭಾಗದ ವ್ಯಾಜ್ಯ ಇರಬೇಕು ಅಂದರು ಕೋರ್ಟಿಗೆ ಅಲೆದು ಅಭ್ಯಾಸವಿದ್ದವರು. ತಾನಾಗಿ ಬರದಿದ್ದರೆ ನಾವೇ ಕರೆಸೋಣ ಅಂತ ಯಾರೋ ಅಂದದ್ದೇ ತಡ, 'ಇಟಲಿ ನಿರ್ದೇಶಕರ ಸ್ವಾಗತ ಸಮಿತಿ' ಹುಟ್ಟಿಕೊಂಡಿತು. ಕರೆಸುವುದು ಹೇಗೆ ಅಂತ ಸಮಿತಿ ಯಾವತ್ತೂ ಚರ್ಚಿಸಲಿಲ್ಲ. ಬಂದ ಮೇಲೆ ಹಾರ ಯಾರು ಹಾಕಬೇಕು, ಶಾಲು ಯಾರು ಹೊದಿಸಬೇಕು, ಪ್ರವಾಸಿ ಮಂದಿರದಲ್ಲಿ ಇಳಿಸಬೇಕೋ ಅಧ್ಯಕ್ಷರ ಮನೆಯಲ್ಲೋ, ಮಂಡಕ್ಕಿ ಮೆಣಸಿನಕಾಯಿ ಕೊಟ್ಟರೆ ತಡಕೊಳ್ಳುತ್ತಾನೋ ಇಲ್ಲವೋ, ಇದೇ ಚರ್ಚೆ. ಹಾರದ ಪ್ರಶ್ನೆಗೆ ಸಮಿತಿ ಎರಡು ಹೋಳಾಯಿತು. ನ್ಯಾಮತಿಯವರು ತಮ್ಮೂರಿನಲ್ಲೂ ಒಂದು ಸಮಿತಿ ಮಾಡಿ, ಶಿವಮೊಗ್ಗದ ಕಡೆಯಿಂದ ಬಂದರೆ ನಮ್ಮೂರೇ ಮೊದಲು ಸಿಗುತ್ತದೆ, ಆದ್ದರಿಂದ ಮೊದಲ ಹಾರ ನಮ್ಮದೇ ಅಂತ ಹೇಳಿ ಕಳಿಸಿದರು. ಜಗಳೂರಿನಿಂದ ನಮ್ಮಣ್ಣ ಬಂದಾಗ ನಿಮ್ಮೂರಲ್ಲೂ ಸಮಿತಿ ಇದೆಯೇನೋ ಅಂತ ಕೇಳಿದೆ. "ನಮ್ಮೂರಿಗೆ ದೆವ್ವ ಬಂದ್ರೂ ಮಧ್ಯಾಹ್ನದ ಬಿಸಿಲಿಗೆ ವಾಪಸ್ ಬಸ್ ಹತ್ತುತ್ತೆ" ಅಂದ.

ಆ ನಡುವೆ ಚುನಾವಣೆಯೊಂದು ಬಂತು. ಮತ ಕೇಳಲು ಬಂದ ದೊಡ್ಡವರೊಬ್ಬರು ಸಂತೆ ಮೈದಾನದಲ್ಲಿ ರಸ್ತೆ, ನೀರು, ದೀಪ ಎಲ್ಲ ಕೊಡುತ್ತೇನೆಂದು ಭಾಷಣ ಮಾಡಿದರು. ಹಾರನ್ ದೂರದಲ್ಲಿತ್ತೋ ಏನೋ, ಅವರ ತುಟಿ ಮೊದಲು ಆಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಅತ್ತೆ ನನ್ನ ಸೊಂಟಕ್ಕೆ ತಿವಿದು, "ಇವನಿಗೂ ಮೆಟ್ಕಂಡೈತೆ ಕಣವ್ವ" ಅಂದರು. ಪಕ್ಕದ ಹೆಂಗಸು ಅದನ್ನು ಕೇಳಿಸಿಕೊಂಡು ತನ್ನ ಪಕ್ಕದವಳಿಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಹೆಂಗಸರ ಕಡೆ ಪೂರಾ ಖಾಲಿ. ಆ ದೊಡ್ಡವರು ಗೆದ್ದರು ಅನ್ನುವುದು ಬೇರೆ ವಿಷಯ.

ನಗುತ್ತಿದ್ದೀರಿ, ನಗಿ. ಮಗಳು ಹುಟ್ಟಿದ ದಿನ ನೀವು ನಮ್ಮ ಮನೆಯಲ್ಲಿ ಇರಬೇಕಿತ್ತು. ಹೆಣ್ಣು ಕೂಸು, ಗುಂಡುಗುಂಡಾಗಿತ್ತು, ಅತ್ತು ಮನೆ ಹಾರಿಸುತ್ತಿತ್ತು. ಇವರು ಬಾಗಿಲಲ್ಲಿ ನಿಂತು ನೋಡಿದರು, ಬಾಯಿ ತೆರೆದರು, ನೆನಪಾಗಿ ಮುಚ್ಚಿಕೊಂಡರು. ತೊಟ್ಟಿಲಿಗೆ ಹಾಕಿ ಹೆಸರಿಡುವಾಗ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಬೇಕೆಂದೇ ಮಾತಿನ ದೇವತೆಯ ಹೆಸರಿಟ್ಟರು, ಶಾರದ ಅಂತ. ಆ ಹೆಸರನ್ನು ಊರೆಲ್ಲ ಕರೆಯಿತು, ಅಪ್ಪ ಒಬ್ಬರನ್ನು ಬಿಟ್ಟು.

ಕೂಸನ್ನು ಎತ್ತಿಕೊಳ್ಳಲು ಅಡ್ಡಿಯಿರಲಿಲ್ಲ, ಮಾತು ಮಾತ್ರ ಕೂಡದು. ಇವರು ಸಿಳ್ಳೆ ಕಲಿತರು. ಹಸಿವಾದಾಗ ಒಂದು ಸಿಳ್ಳೆ, ಮಲಗಿಸಲು ಒಂದು, ನಗಿಸಲು ಇನ್ನೊಂದು. ಅವಳು ಬಿದ್ದು ಅತ್ತಾಗ ಎದೆಗೊತ್ತಿಕೊಂಡು ಮೂಗಿನಲ್ಲೇ ಏನೋ ಗುನುಗಲು ಹೋಗಿ, ಅತ್ತೆ ಕಣ್ಣು ಬಿಟ್ಟ ಕೂಡಲೇ ನಿಲ್ಲಿಸುತ್ತಿದ್ದರು. ನನ್ನ ಹತ್ತಿರ ಮಾತಾಡಬೇಕಾದರೆ ಹಿತ್ತಲಿಗೆ ಕರೆದೊಯ್ದು ಪಿಸುಗುಡಬೇಕು. ನೋಡಿದವರು ಗಂಡ ಹೆಂಡತಿ ಏನೋ ಒಳಸಂಚು ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಟೆಂಟಿನಲ್ಲೂ ರುದ್ರಪ್ಪನವರು ಇವರನ್ನು ಮೈಕಿನಿಂದ ಬಿಡಿಸಿ ಗೇಟಿಗೆ ಹಾಕಿದರು. ಟಿಕೆಟ್ ಹರಿದು ಕೊಡುವುದು, ತುಟಿ ಪಿಟಕ್ ಅನ್ನದೆ. ಬಚ್ಚಲಲ್ಲಿ ಆ ಗಳಗಳ ಸದ್ದು ನಿಂತೇಹೋಯಿತು. ಆ ದನಿಗಾಗಿ ಇವರನ್ನು ಕಟ್ಟಿಕೊಂಡವಳು ನಾನು. ಒಂದು ದಿನ ಸಂಜೆ ದೀಪ ಹಚ್ಚಲು ಹೋದವಳು ಹಾಗೇ ಕೂತು ಅತ್ತುಬಿಟ್ಟೆ.

ಶಾರದಳಿಗೆ ಎರಡು ತುಂಬಿದರೂ ಮಾತು ಬರಲಿಲ್ಲ. ಎಲ್ಲ ತಿಳಿಯುತ್ತಿತ್ತು, ಬೇಕಾದ್ದಕ್ಕೆ ಕೈ ತೋರಿಸುತ್ತಿದ್ದಳು, ಅಪ್ಪನ ಹಾಗೆ ಸಿಳ್ಳೆ ಹಾಕುತ್ತಿದ್ದಳು. ಮಾತು ಮಾತ್ರ ಇಲ್ಲ. "ನೋಡ್ದೇನವ್ವ, ಅದು ಹೋಗಿಲ್ಲ, ಇಲ್ಲೇ ಐತೆ" ಅಂದರು ಅತ್ತೆ. ನನಗೆ ರೇಗಿಹೋಯಿತು. "ಅತ್ತೆ, ಮನೇಲಿ ಮಾತಾಡೋರ ಬಾಯಿಗೇ ಬೀಗ ಹಾಕಿದ್ರೆ ಕೂಸು ಯಾರನ್ನ ನೋಡಿ ಕಲಿಬೇಕು?" ಅಂದೆ. ಅಂದೆನೇ ಹೊರತು ಬೀಗ ತೆಗೆಯುವ ಧೈರ್ಯ ನನಗೂ ಇರಲಿಲ್ಲ. ಮನಸ್ಸಿನಲ್ಲೇ ಇಟಲಿಯವನನ್ನು ಬೇಡಿಕೊಂಡೆ. ನಿಜವಾಗಿ ಹೇಳುತ್ತೇನೆ, ದೇವರಿಗೆ ಕೈ ಮುಗಿಯುವಾಗ ಅವನದೂ ಒಂದು ನೆನಪು ಬರುತ್ತಿತ್ತು. ಎದ್ದೇಳಪ್ಪ, ಬೇಸರ ಬಿಡು, ಇನ್ನೊಂದೇ ಒಂದು ಪಿಕ್ಚರ್ ತೆಗಿ.

ತೆಗೆದ! ಟೆಂಟು ಚನ್ನಗಿರಿಯಲ್ಲಿದ್ದಾಗ ರುದ್ರಪ್ಪನವರು ಬಸ್ಸಿನ ಕಂಡಕ್ಟರ ಕೈಲಿ ಸುದ್ದಿ ಕಳಿಸಿದರು. ಇಟಲಿಯವನು ಸಿನಿಮಾಕ್ಕೆ ವಾಪಸ್ ಬಂದಿದ್ದಾನೆ, ಹೊಸ ಪಿಕ್ಚರಿನ ಪೆಟ್ಟಿಗೆ ಬಂದಿಳಿದಿದೆ, ಎಲ್ಲರೂ ಹೊರಡಿ. ಅದು ಅದೇ ಮನುಷ್ಯನದೇ ಅಂತ ರುದ್ರಪ್ಪನವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಬೇಡಿ, ನಾವೂ ಕೇಳಲಿಲ್ಲ. ಅತ್ತೆ ಷರತ್ತು ಹಾಕಿದರು. ದೆವ್ವ ಇಂಗ್ಲಿಷಿನಲ್ಲಿ ಹೋಗ್ತೀನಿ ಅಂದರೆ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಹೋದ ಸಲ ಅದನ್ನು ಆಡಿಸಿದ ಬಾಯಿಯೇ ಈ ಸಲವೂ ಆಡಿಸಬೇಕು. ಕೂಸೂ ಅಲ್ಲಿರಬೇಕು. ಆದರೆ ದೆವ್ವ ಬಿಡುವ ತನಕ ಅದರ ಕಿವಿಗೆ ಹತ್ತಿ, ಹತ್ತಿಯ ಮೇಲೆ ಅತ್ತೆಯ ಎರಡು ಕೈ.

ಚನ್ನಗಿರಿಗೆ ಹೋದೆವು. ಸಮಿತಿಯ ಎರಡು ಹೋಳೂ ಒಂದೇ ಬಸ್ಸಿನಲ್ಲಿ ಬಂದು, ಡೈರೆಕ್ಟರು ಖುದ್ದಾಗಿ ಬಂದಿಲ್ಲ ಅಂತ ತಿಳಿದು, ತಂದ ಹಾರವನ್ನು ಪಿಕ್ಚರಿನ ಪೆಟ್ಟಿಗೆಗೆ ಹಾಕಿದವು. ಅಲ್ಲೂ ಎರಡು ಹಾರ.

ಮೊದಲ ಆಟ. ಅಂದರೆ ಕೊನೆ ಹೇಗಿದೆ ಅಂತ ಇವರಿಗೂ ಗೊತ್ತಿಲ್ಲ. ಸ್ಟೂಲಿನ ಮೇಲೆ ಕೂತು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಮೊದಮೊದಲು ದನಿ ಕಟ್ಟಿತ್ತು, ಆಮೇಲೆ ಬಿಟ್ಟುಕೊಂಡಿತು. ಇನ್ನೊಬ್ಬಳು ಸರೋಜ, ಇನ್ನೊಂದು ಬಂಗಲೆ, ಮತ್ತೊಬ್ಬಳು ಮುದುಕಿ. ಅದೇ ಮುದುಕಿ ಅಂತ ಇವರು ಹೇಳಿದರು, ಜನ ಒಪ್ಪಿದರು. ಕೊನೆಗೆ ಬಂಗಲೆಗೆ ಬೆಂಕಿ ಬಿತ್ತು. ಮುದುಕಿ ಉರಿಯ ನಡುವೆ ನಿಂತಳು. ಟೆಂಟಿನ ಜನ ಚಪ್ಪಾಳೆ ತಟ್ಟಿದರು. ನಾನು ಕಣ್ಣು ಮುಚ್ಚಿ, ಬೇಗ ಹೇಳೇ ಮಾರಾಯ್ತಿ, ಹೋಗ್ತೀನಿ ಅನ್ನು ಅಂತ ಬೇಡಿಕೊಂಡೆ.

ಕಣ್ಣು ಬಿಟ್ಟಾಗ ಬೂದಿಯೊಳಗಿಂದ ಒಂದು ಕೈ ಮೇಲೆ ಬಂತು. ಆಮೇಲೆ ತಲೆ. ಮುದುಕಿ ಎದ್ದು ನಿಂತು ಪರದೆ ತುಂಬ ಬಾಯಿ ತೆರೆದು ನಕ್ಕಳು. ಅಯ್ಯೋ ಪಾಪಿ ಇಟಲಿಯವನೇ, ನಿನ್ನ ಮನೆ ಹಾಳಾಗ! ಅಷ್ಟು ವರ್ಷ ಮನೆಯಲ್ಲಿ ಕೂತು ಯೋಚಿಸಿದ್ದು ಇದನ್ನೇನಾ? ನಾನು ಇವರನ್ನು ನೋಡಿದೆ. ಪರದೆಯ ಕೆಂಪು ಬೆಳಕು ಇವರ ಮುಖದ ಮೇಲೆ ಬಿದ್ದಿತ್ತು. ಇವರು ಹೆಂಗಸರ ಕಡೆ ಒಮ್ಮೆ ನೋಡಿ, ಕೈ ಚಾಚಿ ತಿರುಪನ್ನು ಪೂರಾ ತಿರುವಿಬಿಟ್ಟರು. ಪಿಕ್ಚರಿನ ಸದ್ದು ನಿಂತಿತು. ಮುದುಕಿ ಸದ್ದಿಲ್ಲದೆ ನಗುತ್ತಿದ್ದಳು. ಹಾರನ್ನಿನಿಂದ ಒಂದು ಅಳು ಬಂತು.

"ಅಯ್ಯಯ್ಯಪ್ಪೋ... ಸುಟ್ಟೋಯ್ತೋ... ತಡಿಯಾಕಾಗಲ್ಲೋ... ಹೋಗ್ತೀನೋ..."

ನನ್ನ ಪಕ್ಕದಲ್ಲಿ ಅತ್ತೆ ಧಡಕ್ಕನೆ ಎದ್ದು ನಿಂತರು. ಕೂಸಿನ ಕಿವಿ ಮೇಲಿದ್ದ ಕೈ ಈಗ ಸೊಂಟದ ಮೇಲೆ. "ಎಲ್ಲಿಗೆ ಹೋಗ್ತೀಯೇ? ಸರಿಯಾಗಿ ಹೇಳು!"

"ಇಟಲಿಗೆ ಹೋಗ್ತೀನಿ!"

"ತಿರುಗಿ ಬರ್ತೀಯಾ?" ಇದು ಗಂಡಸರ ಕಡೆಯಿಂದ.

"ಬರಲ್ಲ! ಹೋಗ್ತೀನಿ!"

"ಯಾರ ಮ್ಯಾಲೆ ಆಣೆ?" ಈಗ ಇಡೀ ಟೆಂಟೇ ಕೇಳುತ್ತಿತ್ತು.

"ನಮ್ಮ ಡೈರೆಕ್ಟರ ಮ್ಯಾಲೆ ಆಣೆ! ಹೋಗ್ತೀನಿ, ಹೋಗ್ತೀನಿ, ಹೋಗ್ತೀನಿ!"

ಪರದೆ ಬೆಳ್ಳಗಾಯಿತು. ಇವರು ತಮ್ಮ ದನಿಯಲ್ಲೇ ನಿಧಾನವಾಗಿ "ಶುಭಂ" ಅಂದರು. ಜನ ಎದ್ದು ನಿಂತು ಸಿಳ್ಳೆ ಹೊಡೆದರು, ಕೆಲವು ಹೆಂಗಸರು ಕೈ ಮುಗಿದರು. ನಾನು ಶಾರದಳನ್ನು ನೋಡಿದೆ. ಹತ್ತಿ ಯಾವಾಗಲೋ ಬಿದ್ದುಹೋಗಿತ್ತು. ಅವಳು ನನ್ನ ತೊಡೆಯ ಮೇಲೆ ನಿಂತು, ಬಿದಿರಿನ ತುದಿಗೆ ಕಟ್ಟಿದ್ದ ಹಾರನ್ನನ್ನೇ ನೋಡುತ್ತಿದ್ದಳು. ಆಮೇಲೆ ಮುದುಕಿಯ ರಾಗದಲ್ಲೇ, ಅಷ್ಟೇ ಎಳೆದು, "ಓತೀನೋ" ಅಂದಳು. ನನ್ನ ಮಗಳ ಮೊದಲ ಮಾತು ಅದು. ಅಮ್ಮ ಅಲ್ಲ, ಅಪ್ಪ ಅಲ್ಲ, ದೆವ್ವದ ಮಾತು. ನಾನು ಅವಳನ್ನು ಅಪ್ಪಿಕೊಂಡು ನಕ್ಕೆನೋ ಅತ್ತೆನೋ ನೆನಪಿಲ್ಲ.

ಹೊರಗೆ ಕಡಲೆಕಾಯಿ ಗಾಡಿಯ ದೀಪದ ಹತ್ತಿರ ನಿಂತಿದ್ದೆವು. ಇವರು ಬಂದವರು ಅಭ್ಯಾಸದ ಮೇಲೆ ಸ್ವಲ್ಪ ದೂರದಲ್ಲೇ ನಿಂತರು. "ಬಾರಲೋ, ಇನ್ನೇನು? ಕೂಸಿನ ಹೆಸರು ಹಿಡಿದು ಕರಿ" ಅಂದರು ಅತ್ತೆ. ಇವರು ಹತ್ತಿರ ಬಂದರು, ಬಾಯಿ ತೆರೆದರು. ಒಂದು ಸಿಳ್ಳೆ ಹಾಕಿದರು. ಶಾರದ ನಕ್ಕಳು. ಆಮೇಲೆ ಮೆಲ್ಲಗೆ "ಶಾರದಾ" ಅಂದರು. ಅವಳು ಗಾಬರಿಯಾಗಿ ಕತ್ತೆತ್ತಿ, ಆ ದನಿ ಎಲ್ಲಿಂದ ಬಂತು ಅಂತ ಟೆಂಟಿನ ಮೇಲಿನ ಹಾರನ್ ಕಡೆ ನೋಡಿದಳು. ಇವರು ಅವಳ ಪುಟ್ಟ ಕೈ ಹಿಡಿದು ತಮ್ಮ ಗಂಟಲ ಮೇಲಿಟ್ಟುಕೊಂಡು ಮತ್ತೆ ಕರೆದರು, ಮತ್ತೆ ಕರೆದರು. ಕಡಲೆಕಾಯಿಯವನು ಕೂಡ ತೂಗುವುದು ಬಿಟ್ಟು ನೋಡುತ್ತ ನಿಂತ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಮುದುಕಿ ಬಾಯಿ ನಗ್ತಿತ್ತು ಕಣವ್ವ" ಅಂದರು. ಮತ್ತೆ ಹಿತ್ತಲು, ಮತ್ತೆ ಪಿಸುಮಾತು ಅಂದುಕೊಂಡೆ. ಅವರು ಸೆರಗು ಹೊದ್ದುಕೊಂಡು, "ಇರ್ಲಿ ಬಿಡು, ಆ ಇಟಲಿಯವ್ರ ಬಾಯಿಗೂ ಮಾತಿಗೂ ಯಾವತ್ತು ತಾಳೆ ಇತ್ತು?" ಅಂದು ಕಣ್ಣು ಮುಚ್ಚಿದರು. ಮುಂದಿನ ಸೀಟಿನಲ್ಲಿ ಇವರು ಕೂಸಿಗೆ ಒಂದೇ ಸಮನೆ ಏನೇನೋ ಹೇಳುತ್ತಿದ್ದರು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮನೆಮನೆಗೆ ಟೀವಿ ಬಂದು ಟೆಂಟೂ ಹೋಯಿತು, ಮೈಕೂ ಹೋಯಿತು. ಶಾರದ ದಾವಣಗೆರೆಯಲ್ಲಿ ಮೇಡಂ ಆಗಿದ್ದಾಳೆ. ಅವಳಿಗೆ ಮಾತು ನಿಲ್ಲಿಸುವುದನ್ನು ಕಲಿಸಬೇಕಿತ್ತು ಅನ್ನಿಸುತ್ತದೆ. ಬಂದು ಹೊರಡುವಾಗ ಎಲ್ಲರ ಹಾಗೆ ಬರ್ತೀನಿ ಅನ್ನುವುದಿಲ್ಲ. ಗೇಟಿನಲ್ಲಿ ನಿಂತು, ಮುದುಕಿಯ ರಾಗದಲ್ಲಿ "ಹೋಗ್ತೀನೋ" ಅಂತ ಎಳೆಯುತ್ತಾಳೆ. ಹಾಗನ್ನಬಾರದು ಕಣೇ ಅಂತ ನಾನು ಪ್ರತಿ ಸಲವೂ ಬೈಯುತ್ತೇನೆ. ಮೊದಲೆಲ್ಲ ಇವರು ಒಳಗಿನಿಂದ "ಯಾರ ಮ್ಯಾಲೆ ಆಣೆ?" ಅಂತ ಕೂಗುತ್ತಿದ್ದರು. ಈಗ ಕಿವಿ ಪೂರ್ತಿ ಮಂದವಾಗಿದೆ. ತಮ್ಮ ದನಿ ತಮಗೇ ಕೇಳುವುದಿಲ್ಲವೆಂದು ಮಾತನ್ನೂ ಹೆಚ್ಚುಕಡಿಮೆ ಬಿಟ್ಟಿದ್ದಾರೆ. ದಿನವಿಡೀ ಜಗಲಿಯ ಮೇಲೆ ಕೂತು ಬೀದಿ ನೋಡುತ್ತಾರೆ. ನಾನೂ ಅದಕ್ಕೆ ಒಗ್ಗಿಹೋಗಿದ್ದೆ, ಇವತ್ತು ಬೆಳಿಗ್ಗೆಯ ತನಕ.

ಪೇಪರಿನ ಆ ಮೂಲೆಯನ್ನು ಹರಿದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಜಗಲಿಗೆ ಹೋಗಿ ಇವರ ಕಣ್ಣಿನ ಮುಂದೆ ಹಿಡಿದೆ. ಕನ್ನಡಕ ಎಲ್ಲಿಟ್ಟಿದ್ದರೋ, ಕಾಣಲಿಲ್ಲ. ಕಿವಿಗೆ ಬಾಯಿಟ್ಟು ಕೂಗಿದೆ. "ಅವನು ಬರ್ತಾನಂತೆ ರೀ!"

"ಯಾರು?"

"ಇಟಲಿಯವನು! ಮತ್ತೆ ಪಿಕ್ಚರ್ ತೆಗೀತಾನಂತೆ!"

ಇವರು ನನ್ನ ಮುಖವನ್ನೇ ನೋಡಿದರು. ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು. "ಮೈಕ್ ಯಾರು ಹಿಡೀತಾರಂತೆ?" ಅಂತ ಕೇಳಿದರು.

ನನಗೂ ನಗು ಬರಲಿಲ್ಲ. "ನೀವೇ ಅಂತೆ" ಅಂತ ಕೂಗಿದೆ.

ತಲೆಯಾಡಿಸಿದರು. ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ನಾನು ಬಂದು ಬುಟ್ಟಿಯ ಮುಂದೆ ಕೂತೆ. ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಬಚ್ಚಲಿನಿಂದ ಗಳಗಳ ಅಂತ ಕೇಳಿಸಿತು, ಮೊದಲಿನಷ್ಟೇ ಜೋರಾಗಿ.